ಫೆಸ್ಟಿಯ ಪದ್ಯ

ಮೀಥ್
೨೦ ಜನವರಿ ೧೯೪೮

ಅಪ್ಪನಿಗೆ,

ಜೂಡ್ ಅತ್ತೆ ಇದನ್ನು ನಿಮಗೆ ಓದಿ ಹೇಳುವಾಗ ಅಡುಗೆಮನೆಯಲ್ಲಿ ಬೇರೆ ಯಾರೂ ಇರಬಾರದು. ಯಾರಾದರೂ ಬಂದು ಬೆಂಕಿಯ ಪಕ್ಕ ಕೂತಿದ್ದರೆ, ಅತ್ತೆ, ದಯವಿಟ್ಟು ಇಲ್ಲಿಗೇ ನಿಲ್ಲಿಸಿ ಕಾಗದವನ್ನು ಜೇಬಿಗೆ ಹಾಕಿಕೊಳ್ಳಿ.

ಬಾಬೀನ್‌ಗೆ ಆರು ತಿಂಗಳು ತುಂಬಿತು. ಎರಡು ವಾರದಿಂದ ಕೆಮ್ಮು. ಡಾಕ್ಟರು ಏನೂ ಇಲ್ಲ ಅನ್ನುತ್ತಾರೆ, ಆದರೂ ಅವಳ ಎದೆ ಏರಿಳಿಯುವುದನ್ನು ಎಣಿಸುತ್ತಾ ಕೂತುಬಿಡುತ್ತೇನೆ. ಇಲ್ಲಿಯ ನೆಲ ಎಷ್ಟು ಸಪಾಟು ಗೊತ್ತೆ ಅಪ್ಪಾ, ಕಣ್ಣಿಗೆ ಆಸರೆಯಾಗಲು ಒಂದು ಬಂಡೆಯೂ ಇಲ್ಲ. ಹುಲ್ಲು, ಹಸು, ಮತ್ತೆ ಹುಲ್ಲು.

ಡಬ್ಲಿನ್ನಿನಿಂದ ಹಾಡು ಮುದ್ರಿಸುವ ಯಂತ್ರದ ವ್ಯಾನು ಮಾರ್ಚಿನಲ್ಲಿ ನಿಮ್ಮ ಮನೆಗೆ ಬರುತ್ತದೆಂದು ಇಲ್ಲಿಯ ಮೇಷ್ಟರು ಹೇಳಿದರು. ಕೇಳಿ ಹೆಮ್ಮೆಯಿಂದ ಮುಖ ಕೆಂಪಾಯಿತು. ಮರುಕ್ಷಣ ಭಯವಾಯಿತು. ನಿಮ್ಮ ಹಾಡು ಇಲ್ಲಿಯವರೆಗೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಬಾಯಿಗೆ ಮರೆವು ಅನ್ನುವುದಿದೆ. ಆ ಯಂತ್ರ ಹಾಡು ಕೊರೆದಿಡುವ ತಟ್ಟೆಗೆ ಇಲ್ಲ. ಅದನ್ನು ರೇಡಿಯೋದಲ್ಲಿ ಹಾಕುತ್ತಾರೆ. ನಮ್ಮ ಮನೆಯಲ್ಲಿ ಭಾನುವಾರ ರೇಡಿಯೋದ ಮುಂದೆ ಕೂರುವವರು ನನ್ನ ಮಾವ.

ನಿಮಗೆ ನಲವತ್ತು ಹಾಡುಗಳಿವೆ. ಪಾದ್ರಿಯ ಸೈಕಲ್ ಹಾಡಿ, ಓಡಿಹೋದ ಹಂದಿಯದು ಹಾಡಿ. ಸಬೀನಾಳ ಗಂಡನೂ ಮೈದುನನೂ ಮುಳುಗಿದ ಹಾಡನ್ನೂ ಹಾಡಿ, ಬೇಡವೆನ್ನುವುದಿಲ್ಲ. ಅದರ ಒಂದು ಪದ್ಯ ಮಾತ್ರ ಬಿಡಿ. ಯಾವುದೆಂದು ಬರೆಯಲು ಕೈ ಬರುತ್ತಿಲ್ಲ. ನಿಮಗೆ ಗೊತ್ತು.

ನಿಮ್ಮ ಮಗಳು,
ಶಿಬೇಲ್


ಕರಗ್‌ಮೋರ್, ಕಾನೆಮಾರಾ
೨೯ ಜನವರಿ ೧೯೪೮

ಶಿಬೇಲ್,

ಬರೀತಾ ಇರೋಳು ನಿನ್ನ ಜೂಡ್ ಅತ್ತೆ, ಹೇಳ್ತಾ ಇರೋನು ನಿನ್ನಪ್ಪ. ಅವನ ಕಣ್ಣು ದಿನದಿನಕ್ಕೆ ಮಂಜಾಗ್ತಾ ಇದೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಅವನು ಹೇಳಿದ್ದು ಹೇಳಿದ ಹಾಗೇ ಬರೀತೀನಿ.

"ಮಗಾ, ಮಗೂಗೆ ಕೆಮ್ಮು ಅಂದ್ರೆ ಕಡಲಪಾಚಿ ಹಾಲಲ್ಲಿ ಕುದಿಸಿ ಕೊಡು. ಆ ಹುಲ್ಲಿನ ದೇಶದಲ್ಲಿ ಎಲ್ಲಿ ಸಿಗುತ್ತೆ, ನಾನೇ ಕಳಿಸ್ತೀನಿ. ಹಾಡಿನ ಮಾತು. ಆ ಹಾಡಿಗೆ ಒಂಬತ್ತು ಪದ್ಯ. ದೋಣೀಲಿ ಒಂದು ಹಲಗೆ ಕಿತ್ತುಹಾಕಿ ತೇಲಿಸು ಅಂದ್ರೆ ಹೆಂಗೆ ತೇಲಿಸಲಿ? ಮುಳುಗಿದವರ ಹಾಡು ಸಂತೆ ಹಾಡಲ್ಲ. ದಡದಲ್ಲಿ ಯಾರ್ಯಾರಿದ್ರು, ಯಾರು ಹುಡುಕಿದ್ರು, ಹೆಣ ಯಾರು ಹೊತ್ರು, ಎಲ್ಲಾ ಹೆಸರೂ ಬರಬೇಕು. ಒಂದು ಹೆಸರು ಬಿಟ್ರೆ ಸತ್ತವರಿಗೆ ಮೋಸ. ಹಾಡು ಕಟ್ಟಿದ್ದು ನಾನು, ಆದ್ರೆ ಅದು ಸಬೀನಾಳ ಮನೇದು. ವ್ಯಾನು ಬಂದ ದಿನ ಅವಳು ಬಂದು ಮುಂದೆ ಕೂರ್ತೀನಿ ಅಂದಿದಾಳೆ. ಅವಳೆದುರು ಎಂಟು ಹಾಡಿ ಕಣ್ಣು ತಗ್ಗಿಸಲಾ?"

ಇಷ್ಟು ಹೇಳಿ ಎದ್ದು ಹಸು ನೋಡೋಕೆ ಹೋದ. ಹಸು ಚೆನ್ನಾಗೇ ಇದೆ, ಅರ್ಧ ಗಂಟೆ ಮುಂಚೆ ನಾನೇ ನೋಡಿ ಬಂದಿದ್ದೆ. ಶಿಬೇಲ್, ಆ ಪದ್ಯದ ಮಾತೆತ್ತಿದರೆ ಇವನು ಯಾವಾಗಲೂ ಹಸು ನೋಡೋಕೆ ಹೋಗ್ತಾನೆ. ಯಾಕೋ ನನಗೆ ತಿಳೀದು.

ಕಡಲಪಾಚಿ ಬೇರೆ ಕಟ್ಟಿನಲ್ಲಿ ಕಳಿಸಿದೀನಿ.

ಅಪ್ಪ ಬಾರ್ಟ್ಲಿ ಪರವಾಗಿ,
ಜೂಡ್


ಮೀಥ್
೮ ಫೆಬ್ರವರಿ ೧೯೪೮

ಅಪ್ಪನಿಗೆ,

ಪಾಚಿ ತಲುಪಿತು. ಕಟ್ಟು ಬಿಚ್ಚಿದಾಗ ಮನೆಯೆಲ್ಲ ಸಮುದ್ರದ ವಾಸನೆ. ಮಾವ ಒಂದು ಎಳೆ ಎತ್ತಿಕೊಂಡು ಬಹಳ ಹೊತ್ತು ಮೂಗಿನ ಹತ್ತಿರ ಹಿಡಿದಿದ್ದರು. ಎಲ್ಲಿಂದ ಬಂತೆಂದು ಕೇಳಲಿಲ್ಲ.

ಕಳೆದ ಸಲ ಬರೆಯಲು ಆಗದ್ದನ್ನು ಈಗ ಬರೆಯುತ್ತೇನೆ. ನೀವು ಕಟ್ಟಿದ್ದು ಹೀಗಲ್ಲವೆ?

ಅಲೆಯು ಕೂಗಿತು ಅಣ್ಣ ತಮ್ಮಂದಿರಾ ಹೆಸರ,
ಒಣಗಲ್ಲ ಮೇಲೊಬ್ಬ ನಿಂತಿದ್ದ;
ದೋಣಿಯಿತ್ತು ಕಾಲ ಬಳಿ, ತೋಳಿತ್ತು ಮೈಯಲ್ಲಿ,
ಫೆಸ್ಟಿಯ ಕೋಟಂದು ನೆನೆದಿರಲಿಲ್ಲ.

ಇದನ್ನು ನಾನು ಹತ್ತು ವರ್ಷದವಳಿದ್ದಾಗ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತು ಹಾಡಿದ್ದೆ. ಮೇಷ್ಟರು ಬೆನ್ನು ತಟ್ಟಿದರು. ಮೂರನೇ ಸಾಲಿನಲ್ಲಿ ಕೂತಿದ್ದ ಫೆಸ್ಟಿಯ ಮಗ ತಲೆ ಎತ್ತಲಿಲ್ಲ. ಆ ಹುಡುಗನನ್ನೇ ಹನ್ನೆರಡು ವರ್ಷ ಕಳೆದು ಗಾಲ್ವೇಯ ರೈಲು ನಿಲ್ದಾಣದಲ್ಲಿ ಕಂಡೆ, ಅವನನ್ನೇ ಮದುವೆಯಾದೆ. ನೀವು ಮದುವೆಗೆ ಬರಲಿಲ್ಲ. ಮಂಡಿ ನೋವು ಎಂದು ಬರೆಸಿದಿರಿ. ನಾನು ನಂಬಿದಂತೆ ಮಾಡಿದೆ.

ಮಾವನ ಮನೆಯವರು ಸರ್ಕಾರ ಹಂಚಿದ ಒಳ್ಳೆಯ ನೆಲ ಸಿಕ್ಕಿತೆಂದು ಮೀಥ್‌ಗೆ ಬಂದರು ಎಂದು ಸರ್ಕಾರಿ ಕಾಗದದಲ್ಲಿದೆ. ನಿಮ್ಮ ಹಾಡಿನಿಂದ ಓಡಿಬಂದರು ಎಂದು ಎಲ್ಲರಿಗೂ ಗೊತ್ತು. ಹಾಡು ಅವರಿಗಿಂತ ಮೊದಲೇ ಇಲ್ಲಿ ಬಂದು ಕೂತಿತ್ತು. ಮಾವ ಇಂದಿಗೂ ಪೂಜೆ ಮುಗಿದ ಮೇಲೆ ಚರ್ಚಿನ ಗೋಡೆಯ ಬಳಿ ಗಂಡಸರ ಜೊತೆ ನಿಲ್ಲುವುದಿಲ್ಲ.

ಮಾರ್ಕಸ್‌ಗೆ ವ್ಯಾನಿನ ಸುದ್ದಿ ಗೊತ್ತಾಗಿದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಬೂಟಿನ ಲೇಸು ಕಟ್ಟುತ್ತಾ ಹೇಳಿದ: "ನಿಮ್ಮಪ್ಪನ ದನಿ ಆ ಪದ್ಯ ಹೇಳ್ಕೊಂಡು ನಮ್ಮ ರೇಡಿಯೋದಲ್ಲಿ ಬಂದರೆ, ಶಿಬೇಲ್, ನನ್ನ ಮಗಳು ಆ ಮನೆ ಹೊಸ್ತಿಲು ತುಳಿಯಲ್ಲ. ಬಾಸ್ಟನ್ನಿನಲ್ಲಿ ಚಿಕ್ಕಪ್ಪ ಕರೀತಾನೇ ಇದಾನೆ. ಹೋಗೋಣ. ಅಲ್ಲಿ ಯಾರಿಗೂ ಆ ರಾಗ ಗೊತ್ತಿಲ್ಲ."

ಅವನು ಬಾಯಿಮಾತಿಗೆ ಹೇಳುವವನಲ್ಲ. ಅಪ್ಪಾ, ನಿಮ್ಮ ಮೊಮ್ಮಗಳನ್ನು ನೀವು ಇನ್ನೂ ನೋಡಿಲ್ಲ. ಆ ಕಣ್ಣಿಗೆ ಸ್ವಲ್ಪ ಬೆಳಕಿರುವಾಗಲೇ ನೋಡಬೇಡವೆ? ನಾಲ್ಕು ಸಾಲಿಗಾಗಿ?

ಶಿಬೇಲ್


ಕರಗ್‌ಮೋರ್
೧೭ ಫೆಬ್ರವರಿ ೧೯೪೮

ಶಿಬೇಲ್,

ನಿನ್ನಪ್ಪ ಒಂದೇ ಮಾತು ಬರೀ ಅಂದ: "ಆ ಪದ್ಯದಲ್ಲಿ ಒಂದೂ ಸುಳ್ಳಿಲ್ಲ."

ನಾನು ಕಾದೆ. "ಮಗೂನ ಕೇಳ್ದೆ ಅಂತಾನಾದ್ರೂ ಬರೀಲೇನೋ, ಕಲ್ಲು ಮನುಷ್ಯಾ?" ಅಂದೆ. ಹಸು ನೋಡೋಕೆ ಹೋದ.

ವ್ಯಾನು ಮಾರ್ಚ್ ಹದಿನೆಂಟಕ್ಕೆ ಬರುತ್ತೆ. ಗೋಡೆಗೆ ಸುಣ್ಣ ಬಳೀತಾ ಇದೀನಿ, ಯಂತ್ರಕ್ಕೆ ಗೋಡೆ ಕಾಣಿಸುತ್ತೋ ಇಲ್ವೋ.

ಜೂಡ್


ಮೀಥ್
೧ ಮಾರ್ಚ್ ೧೯೪೮

ಅಪ್ಪನಿಗೆ,

ಈ ಕಾಗದವನ್ನು ಹೇಗೆ ಬರೆಯುವುದೋ ತಿಳಿಯದೆ ಮೂರು ಹಾಳೆ ಒಲೆಗೆ ಹಾಕಿದೆ.

ಶುಕ್ರವಾರ ಬಟ್ಟೆ ಒಣಹಾಕಲು ಹೊರಗೆ ಹೋಗಿದ್ದೆ. ಬಾಬೀನ್ ಮಾವನ ತೊಡೆಯ ಮೇಲಿದ್ದಳು. ಒಳಗೆ ಬರುವಾಗ ಮಾವ ಅವಳಿಗೆ ಹಾಡುತ್ತಿದ್ದರು. ರಾಗ ನನ್ನ ಕಾಲನ್ನು ಹೊಸ್ತಿಲಲ್ಲೇ ಹಿಡಿಯಿತು. ನಿಮ್ಮ ಹಾಡು. ಮೊದಲ ಪದ್ಯದಿಂದ ಕ್ರಮವಾಗಿ ಹಾಡಿದರು. ಐದನೆಯದು ಬಂತು. ತಮ್ಮ ಹೆಸರನ್ನೂ ಹಾಡಿದರು, ನುಂಗಲಿಲ್ಲ, ಓಡಿಸಲಿಲ್ಲ. ಮಗು ಅವರ ಗಡ್ಡ ಹಿಡಿದು ನಗುತ್ತಿತ್ತು.

ನನ್ನನ್ನು ಕಂಡು, "ಒಳಗೆ ಬಾರಮ್ಮಾ, ಗಾಳಿ ಬರ್ತಾ ಇದೆ" ಅಂದರು.

"ಮಾವಾ, ಈ ಹಾಡನ್ನ ನೀವು..."

"ಯಾಕೆ? ಒಳ್ಳೆ ಹಾಡು. ನಿಮ್ಮಪ್ಪ ಎಷ್ಟೋ ಕಟ್ಟಿದಾನೆ, ಇದರ ಮುಂದೆ ಎಲ್ಲಾ ಸಪ್ಪೆ. ಅದ್ರಲ್ಲೂ ನನ್ನ ಪದ್ಯ ನೋಡು, ಎಲ್ಲಕ್ಕಿಂತ ಗಟ್ಟಿ. ಆ ಹಂದಿಗೆ ಸಿಕ್ಕಿದ್ದಕ್ಕಿಂತ ಒಳ್ಳೆ ಪದ್ಯ ನನಗೆ ಸಿಕ್ತಲ್ಲ!"

ನನಗೆ ನಗು ಬರಲಿಲ್ಲ. ಕೂತುಕೊಂಡೆ. ಕೇಳಬಾರದು ಎಂದುಕೊಂಡಿದ್ದನ್ನು ಕೇಳಿಬಿಟ್ಟೆ. "ಅವತ್ತು ಯಾಕೆ ಇಳೀಲಿಲ್ಲ ಮಾವಾ?"

"ಇಳಿದೆನಲ್ಲ. ಕೋಟು ಬಿಚ್ಚಿ ಕಲ್ಲಿನ ಮೇಲಿಟ್ಟು ಕುತ್ತಿಗೆವರೆಗೂ ಇಳಿದೆ. ನಮ್ಮಲ್ಲಿ ಯಾವನಿಗೆ ಈಜು ಬರ್ತಿತ್ತು? ಅಲೆ ತಂದು ವಾಪಸ್ ಎಸೀತು. ಚಳಿಗೆ ಕೋಟು ಹಾಕ್ಕೊಂಡೆ. ಗುಡ್ಡದ ಮೇಲಿಂದ ಜನ ಇಳಿದು ಬರೋ ಹೊತ್ತಿಗೆ ಕೋಟು ಮೇಲೆ ಒಣಗೇ ಇತ್ತು ಅನ್ನೋದು ನಿಜ."

"ದೋಣಿ ಇತ್ತಲ್ಲ?"

"ದೋಣಿ ಇತ್ತು. ಹುಟ್ಟುಗೋಲು ಇರಲಿಲ್ಲ. ಹಿಂದಿನ ದಿನ ಒಬ್ಬರು ತಗೊಂಡು ಹೋಗಿದ್ರು. ಅವರದ್ದು ಒಂದು ಮುರಿದಿತ್ತು."

ಯಾರೆಂದು ಕೇಳಿದೆ. ಅವರು ಮಗುವಿನ ಕಾಲುಚೀಲ ಸರಿಮಾಡಿದರು. ಆಮೇಲೆ ಅಂದರು: "ಅವನು ತಾನಾಗಿ ಬಂದು ಹೇಳ್ತಾನೆ ಅಂತ ಕಾದೆ. ಒಂದು ತಿಂಗಳು ಕಾದೆ. ಹೇಳಲಿಲ್ಲ. ಹಾಡಿದ."

ಇದನ್ನು ಅವರು ಮಾರ್ಕಸ್‌ಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ. ನನ್ನಿಂದಲೂ ಮಾತು ತೆಗೆದುಕೊಂಡಿದ್ದಾರೆ, ನಾನು ಈಗ ಅದನ್ನು ಮುರಿಯುತ್ತಿದ್ದೇನೆ.

ಅವರು ಮುಳುಗಿದ ಆ ನವೆಂಬರಿನಲ್ಲಿ ನೀವು ಕೊಲ್ಲಿಯ ಆಚೆ ದಡದ ಮದುವೆಗೆ ಹಾಡಲು ಹೋಗಿದ್ದಿರಿ. ನನಗೆ ನೆನಪಿದೆ, ಅಮ್ಮ ಬಾಗಿಲಲ್ಲಿ ನಿಂತು ಗಾಳಿಯ ಕಡೆ ನೋಡುತ್ತಿದ್ದಳು. ಅಪ್ಪಾ, ನೀವು ಯಾರ ಹುಟ್ಟುಗೋಲಿನಿಂದ ಆಚೆ ಹೋದಿರಿ?

ಶಿಬೇಲ್


(ಈ ಕಾಗದ ಜೂಡ್ ಅತ್ತೆಯ ಅಕ್ಷರದಲ್ಲಿಲ್ಲ. ದೊಡ್ಡ ಅಕ್ಷರಗಳು, ಒಂದು ಸಾಲಿನ ಮೇಲೆ ಇನ್ನೊಂದು ಹತ್ತಿದೆ.)

ಕರಗ್‌ಮೋರ್
೯ ಮಾರ್ಚ್

ಶಿಬೇಲ್

ಜೂಡ್ ನಿನ್ನ ಕಾಗದ ಓದಿ ಮುಗಿಸಿ ನನ್ನ ಮುಖ ನೋಡಿದಳು. ಕಾಗದ ಮೇಜಿನ ಮೇಲಿಟ್ಟು ಹೋದಳು. ಇದನ್ನು ಬೇರೆಯವರ ಕೈಲಿ ಬರೆಸಕ್ಕೆ ಆಗಲ್ಲ.

ಫೆಸ್ಟಿಯವೇ. ನನ್ನದೊಂದು ಮುರಿದಿತ್ತು. ಮದುವೇಲಿ ಹಾಡಿದೆ, ಕುಡಿದೆ, ಇನ್ನೊಂದು ಇನ್ನೊಂದು ಅಂದರು, ಬೆಳಗಾಯ್ತು. ಮಲಗಿದೆ. ಬಿರುಗಾಳಿ ಬಂದಿದ್ದು ಹೋಗಿದ್ದು ನನಗೆ ಗೊತ್ತಿಲ್ಲ. ಸಂಜೆ ನೀರು ಶಾಂತವಾಗಿತ್ತು, ವಾಪಸ್ ಬಂದೆ. ಅವನ ದೋಣಿ ಕೆಳಗೆ ಹುಟ್ಟುಗೋಲು ಸರಿಯಾಗಿ ಜೋಡಿಸಿಟ್ಟೆ. ಸೀಟಿ ಹೊಡ್ಕೊಂಡು ದಾರಿ ಹತ್ತಿದೆ. ಸಬೀನಾಳ ಅಂಗಳದಲ್ಲಿ ಹೆಂಗಸರು ಅಳೋದು ಕೇಳಿಸ್ತು. ಮೊದಲನೇ ಹೆಂಗಸು ಬಾಯಿ ಬಿಡೋ ಮುಂಚೇನೇ ನನಗೆ ಎಲ್ಲಾ ತಿಳೀತು.

ಫೆಸ್ಟಿ ಸುಮ್ಮನೆ ನಿಂತಿದ್ದ ಅಂತ ಎಲ್ಲರೂ ಅಂದರು. ನಾನು ಸುಮ್ಮನಿದ್ದೆ. ಒಂದು ದಿನ ಸುಮ್ಮನಿದ್ದರೆ ಎರಡನೇ ದಿನ ಕಷ್ಟ, ವಾರ ಕಳೆದರೆ ಆಗೋದೇ ಇಲ್ಲ. ಸತ್ತವರ ತಿಂಗಳ ಪೂಜೆಗೆ ಹಾಡು ಬೇಕು ಅಂದರು. ನಮ್ಮೂರಲ್ಲಿ ಮುಳುಗಿದವರಿಗೆ ಹಾಡು ಕಟ್ಟಬೇಕಾದವನು ನಾನೇ. ಬೇರೆಯವರ ಹೆಸರೆಲ್ಲ ಬಂತು, ಅವನದ್ದು ಬಿಟ್ಟರೆ ಯಾಕೆ ಅಂತ ಕೇಳೋರು. ಒಂದೂ ಸುಳ್ಳು ಹಾಕಬಾರದು ಅಂತ ಕೂತೆ. ಹಾಕಲಿಲ್ಲ. ದೋಣಿ ಇತ್ತು, ತೋಳಿತ್ತು, ಕೋಟು ನೆನೆದಿರಲಿಲ್ಲ. ನಿಜಾನೇ ಒಂದರ ಪಕ್ಕ ಒಂದಿಟ್ಟು ಅವನನ್ನ ಕೊಂದೆ.

ಅವನು ಎದ್ದು ಹೇಳ್ತಾನೆ ಅಂತ ಹಾಡ್ತಾ ಹಾಡ್ತಾ ಬಾಗಿಲ ಕಡೆ ನೋಡ್ತಿದ್ದೆ. ಅಲ್ಲೇ ನಿಂತಿದ್ದ. ಹಾಡು ಮುಗಿದ ಮೇಲೆ ಟೋಪಿ ಹಾಕ್ಕೊಂಡು ಹೋದ.

ಅದೇ ನನ್ನ ಒಳ್ಳೆ ಹಾಡು ಅಂತ ಎಲ್ಲರೂ ಅಂತಾರೆ.

ಕಣ್ಣು ನೋಯ್ತಾ ಇದೆ

ಅಪ್ಪ


ಮೀಥ್
೧೩ ಮಾರ್ಚ್ ೧೯೪೮

ಅಪ್ಪನಿಗೆ,

ನಿಮ್ಮ ಅಕ್ಷರವನ್ನು ನಾನು ಇದೇ ಮೊದಲು ನೋಡಿದ್ದು.

ಕಾಗದವನ್ನು ಮಾರ್ಕಸ್‌ಗೆ ತೋರಿಸಿಲ್ಲ. ಬಾಬೀನ್‌ಳ ಬಟ್ಟೆಯ ಪೆಟ್ಟಿಗೆಯ ತಳದಲ್ಲಿಟ್ಟಿದ್ದೇನೆ. ಆ ಕೋಣೆಗೆ ಅವನು ಹೋದಾಗಲೆಲ್ಲ ಕೈಯಲ್ಲಿದ್ದ ಪಾತ್ರೆ ಬಿಟ್ಟು ಹಿಂದೆಯೇ ಹೋಗುತ್ತೇನೆ. "ಏನೇ ನಿನಗೆ, ಕೋಳಿ ಹಾಗೆ ಹಿಂದೆ ಮುಂದೆ ಓಡಾಡ್ತೀಯಾ?" ಅಂದ. ಮಗುವಿಗೆ ಜ್ವರವಿರಬಹುದು ಅಂದೆ. ಮಗುವಿನ ಹೆಸರಿನಲ್ಲಿ ಸುಳ್ಳು ಹೇಳಿದೆ. ಹೇಳಿದ ಮೇಲೆ ಅವಳ ಹಣೆ ಮುಟ್ಟಿ ಮುಟ್ಟಿ ನೋಡಿದೆ.

ಜನವರಿಯಲ್ಲಿ ಒಂದು ಪದ್ಯ ಬಿಡಿ ಎಂದು ಬೇಡಿದವಳು ನಾನು. ಈಗ ಆ ಹಾಡನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಗಂಟಲು ಕಟ್ಟಿದೆ ಅನ್ನಿ. ಮರೆತೆ ಅನ್ನಿ, ನಿಮ್ಮ ವಯಸ್ಸಿನಲ್ಲಿ ನಂಬುತ್ತಾರೆ. ಆ ಊರಿನಲ್ಲಿ ನಿಮಗೆ ಇರುವುದು ಹೆಸರೊಂದೇ. ಅದು ಹೋದರೆ ಬೆಂಕಿಯ ಪಕ್ಕ ಯಾರು ಬಂದು ಕೂರುತ್ತಾರೆ? ಹಾಡು ಹೇಳು ಎಂದು ಯಾರು ಕರೆಯುತ್ತಾರೆ? ಸಬೀನಾ ನಿಮ್ಮ ಮುಖ ನೋಡುತ್ತಾಳೆಯೇ?

ಹೀಗೆ ಬರೆಯುವಾಗಲೇ ಪಕ್ಕದ ಕೋಣೆಯಲ್ಲಿ ಮಾವ ಕೆಮ್ಮುವುದು ಕೇಳಿಸುತ್ತಿದೆ. ಹದಿನೈದು ವರ್ಷ ಅವರ ಹೆಸರು ಹೋಗಿತ್ತಲ್ಲ, ಆಗ ನನಗೆ ನಿದ್ದೆ ಬರುತ್ತಿತ್ತು.

ಏನು ಮಾಡಿ ಎಂದು ನಾನು ಹೇಳಲಾರೆ. ನಾನು ಇಬ್ಬರಿಗೂ ಮಗಳು.

ಶಿಬೇಲ್


ಕರಗ್‌ಮೋರ್
೨೧ ಮಾರ್ಚ್ ೧೯೪೮

ಶಿಬೇಲ್,

ಕೂತುಕೊಂಡು ಓದು. ಮಗು ಕೈಯಲ್ಲಿದ್ದರೆ ಕೆಳಗಿಡು.

ಗುರುವಾರ ವ್ಯಾನು ಬಂತು. ಇಬ್ಬರು ಗಂಡಸರು, ಡಬ್ಲಿನ್ ಬೂಟು, ಅಂಗಳದ ಕೆಸರು ಅದನ್ನ ಐದು ನಿಮಿಷದಲ್ಲಿ ನಮ್ಮದು ಮಾಡಿಕೊಂಡಿತು. ಯಂತ್ರ ಮೇಜಿನ ಮೇಲಿಟ್ಟರು. ಕಪ್ಪು ತಟ್ಟೆ ತಿರುಗುತ್ತೆ, ಸೂಜಿ ಕೊರೆಯುತ್ತೆ, ಕೂದಲಿನಂಥ ಚೂರು ಸುರುಳಿಸುರುಳಿಯಾಗಿ ಏಳುತ್ತೆ, ಒಬ್ಬ ಅದನ್ನ ಬ್ರಶ್ಶಿನಲ್ಲಿ ಗುಡಿಸ್ತಾ ಇರಬೇಕು. ಊರು ಅರ್ಧ ನಮ್ಮ ಅಡುಗೆಮನೆಯಲ್ಲೇ. ಉಳಿದರ್ಧ ಕಿಟಕೀಲಿ.

ಬೆಳಗ್ಗೆಯಿಂದ ಹಂದಿ, ಸೈಕಲ್, ಎಲ್ಲಾ ಹಾಡಿದ. ಜನ ನಕ್ಕರು. "ಉಸಿರು ಬಿಗಿ ಹಿಡೀರಿ, ನಿಮ್ಮ ಕೆಮ್ಮೂ ಡಬ್ಲಿನ್ನಿಗೆ ಹೋಗ್ತದೆ!" ಅಂತ ಇವನೇ ಗದರಿಸಿದ. ಮಧ್ಯಾಹ್ನ ಟೀ ಆದ ಮೇಲೆ ಸಬೀನಾ ಕುರ್ಚಿ ಎಳೆದು ಎದುರು ಕೂತಳು. "ನನ್ನದು ಹಾಡು ಬಾರ್ಟ್ಲಿ" ಅಂದಳು. ಇವನ ಕೈ ಹಿಡ್ಕೊಂಡಳು. ನಿನಗೆ ಗೊತ್ತಲ್ಲ, ಹಾಡೋವನ ಕೈ ಹಿಡಿದು ರಾಗದ ಜೊತೆ ಸುತ್ತಿಸೋದು. ಇವನು ಕಣ್ಣು ಮುಚ್ಚಿದ.

ಒಂಬತ್ತೂ ಹಾಡಿದ ಶಿಬೇಲ್. ಐದನೆಯದೂ ಹಾಡಿದ. ಈ ಮುದುಕ ಮಗಳ ಸಂಸಾರ ಮುಳುಗಿಸಿದ ಅಂದುಕೊಂಡೆ. ಒಂಬತ್ತು ಮುಗೀತು. ಯಂತ್ರದವನು ಸೂಜಿ ಎತ್ತಕ್ಕೆ ಕೈ ಚಾಚಿದ. ಇವನು ಇನ್ನೊಂದು ಕೈ ಎತ್ತಿ ತಡೆದ. ಇನ್ನೊಂದು ಶುರು ಮಾಡಿದ:

ಫೆಸ್ಟಿಯ ಹುಟ್ಟುಗೋಲೆರಡೂ ಆಚೆ ದಡದ ಮನೆಯಲ್ಲಿ
ಮದುವೆಯ ಬಾಗಿಲಿಗೆ ಒರಗಿದ್ದವು;
ಒಯ್ದವನು ಹಾಡಿದ್ದ, ಕುಡಿದಿದ್ದ, ಮಲಗಿದ್ದ,

ಕೊನೇ ಸಾಲು ಹಾಡಲಿಲ್ಲ. ನಮ್ಮವರು ಹಾಡು ಮುಗಿಸುವಾಗ ಕೊನೇ ಮಾತನ್ನ ರಾಗ ಬಿಟ್ಟು ಹಾಗೇ ಹೇಳಿಬಿಡ್ತಾರಲ್ಲ, ಹಂಗೇ, ಉಪ್ಪು ಕೊಡು ಅಂದ ಹಾಗೆ ಅಂದ: "ಅವನ ಹೆಸರು ಬಾರ್ಟ್ಲಿ."

ಸಬೀನಾಳ ಕೈ ಒಂದು ಸುತ್ತು ತಿರುಗಿ ನಿಂತಿತು. ಬಿಟ್ಟಳು. ಶಾಲು ಎಳ್ಕೊಂಡು ಎದ್ದು ಹೋದಳು. ಯಂತ್ರ ತಿರುಗ್ತಾನೇ ಇತ್ತು, ಆ ಡಬ್ಲಿನ್ನಿನವನಿಗೆ ಏನೂ ತಿಳೀಲಿಲ್ಲ ಪಾಪ, "ಬಹಳ ಚೆನ್ನಾಗಿತ್ತು" ಅಂದ. ಜನ ಒಬ್ಬೊಬ್ಬರೇ ಟೋಪಿ ಹಾಕ್ಕೊಂಡು ಹೊರಟರು. ಬಿಸಿ ಬ್ರೆಡ್ಡು ಹಾಗೇ ಉಳೀತು.

ಈ ಭಾನುವಾರ ಪೂಜೆಗೆ ಹೋದ. ಬೇಡ ಅಂದೆ, ಕೇಳಲಿಲ್ಲ. ಗೋಡೆ ಹತ್ತಿರ ಗಂಡಸರು ಜಾಗ ಕೊಡಲಿಲ್ಲ. ಒಬ್ಬನೇ ಗೇಟಿನ ಬಳಿ ನಿಂತ. ಸಬೀನಾ ಎಲ್ಲರೆದುರು ನೇರ ಅವನ ಮುಂದೆ ಬಂದಳು. ಹೊಡೀತಾಳೆ ಅಂದುಕೊಂಡೆ. "ಹದಿನೈದು ವರ್ಷ ಮಂಡಿಯೂರಿ ಫೆಸ್ಟಿಗೆ ಶಾಪ ಹಾಕಿದೀನಿ. ಅಷ್ಟನ್ನೂ ವಾಪಸ್ ತಗೊಳ್ಳೋದು ಹೆಂಗೆ ಅಂತ ನೀನೇ ಹೇಳು. ನೀನು ಮಾತು ಬಲ್ಲವನಲ್ವಾ?" ಅಂದಳು.

ನಿನ್ನಪ್ಪ ಕಣ್ಣು ತಗ್ಗಿಸಿದ. ನಾನು ನೋಡಿದ ಹಾಗೆ ಇದೇ ಮೊದಲು.

ಮನೆಗೆ ಯಾರೂ ಬರ್ತಾ ಇಲ್ಲ. ಊಟ ಸರಿಯಾಗಿ ಮಾಡ್ತಾನೆ, ಅದೇ ವಿಚಿತ್ರ. ನಿನ್ನಿಂದ ಕಾಗದ ಬಂತಾ ಅಂತ ಕೇಳಲ್ಲ, ಪೋಸ್ಟಿನವನ ಸೈಕಲ್ ಗಂಟೆ ಕೇಳಿಸಿದರೆ ಮಾತ್ರ ಚಮಚ ಕೆಳಗಿಡ್ತಾನೆ.

ಜೂಡ್


ಮೀಥ್
೪ ಏಪ್ರಿಲ್ ೧೯೪೮

ಅಪ್ಪನಿಗೆ,

ಅತ್ತೆಯ ಕಾಗದವನ್ನು ಮಾರ್ಕಸ್‌ಗೆ ಓದಿದೆ. ಪೆಟ್ಟಿಗೆಯ ತಳದಲ್ಲಿದ್ದ ನಿಮ್ಮದನ್ನೂ ಓದಿದೆ. ಅವನು ಅಂಗಳಕ್ಕೆ ಹೋಗಿ ಸೌದೆ ಒಡೆದ. ಇದ್ದಷ್ಟೂ ಒಡೆದು ಒಳಗೆ ಬಂದು ಅವರಪ್ಪನ ಮುಂದೆ ನಿಂತು ಕೂಗಿದ: "ನನಗಾದರೂ ಹೇಳಬಾರದಿತ್ತಾ? ಶಾಲೇಲಿ ದಿನಾ ಹೊಡೆದಾಡಿ ಬರ್ತಿದ್ದೆ, ನಿಮ್ಮ ಮೇಲಿನ ಮಾತಿಗೆ! ಒಳಗೊಳಗೆ ನಾನೂ ಅದನ್ನ ನಂಬಿದ್ದೆ, ಗೊತ್ತಾ?"

ಮಾವ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಆಮೇಲೆ, "ಪೆನ್ನು ತಗೋಮ್ಮಾ. ಬಾರ್ಟ್ಲಿಗೆ ಬರೀ" ಅಂದರು. ನನ್ನ ಮಾತು ಏನೂ ಸೇರಿಸಬಾರದೆಂದು ಹೇಳಿದ್ದರಿಂದ ಅವರು ಹೇಳಿದ ಹಾಗೆಯೇ ಕೆಳಗೆ ಬರೆಯುತ್ತೇನೆ.

"ಬಾರ್ಟ್ಲಿ,

ಹೊಸ ಪದ್ಯ ಹೇಳಿಸಿಕೊಂಡು ಕೇಳಿದೆ. ಚೆನ್ನಾಗಿದೆ, ಆದ್ರೆ ಪೂರ್ತಿ ಆಗಿಲ್ಲ. ನೀನು ಅವತ್ತು ಹುಟ್ಟುಗೋಲು ಕೇಳಕ್ಕೆ ಬಂದಾಗ ಏನಂದೆ ನೆನಪಿದೆಯಾ? ಬೆಳಕು ಹರಿಯೋ ಹೊತ್ತಿಗೆ ತಂದಿಡ್ತೀನಿ ಅಂದೆ. ನಾನು ಏನಂದೆ? ಕುಡಿದು ಮರೆತಿದೀಯ, ನಾನು ಮರೆತಿಲ್ಲ. 'ಅವಸರ ಮಾಡಬೇಡ, ನಾಳೆ ನಾನು ಸಮುದ್ರಕ್ಕೆ ಇಳಿಯಲ್ಲ, ಸಂಜೆ ತಂದರೂ ಸಾಕು' ಅಂದೆ. ಯಾಕೆ ಇಳಿಯಲ್ಲ ಅಂದೆ? ಆಕಾಶ ನೋಡಿದ್ದೆ. ಗಾಳಿ ಬರ್ತದೆ ಅಂತ ನನಗೆ ಗೊತ್ತಿತ್ತು. ಸಬೀನಾಳ ಗಂಡ ಅವನ ತಮ್ಮನ ಜೊತೆ ಬಲೆ ಸರಿಮಾಡ್ತಾ ಪಕ್ಕದಲ್ಲೇ ಕೂತಿದ್ದ. ಹೋಗಬೇಡ್ರೋ ಅಂತ ಅವರಿಗೆ ಒಂದು ಮಾತು ಹೇಳಲಿಲ್ಲ. ಹಿಂದಿನ ವಾರ ಬಲೆ ಹಾಕೋ ಜಾಗಕ್ಕೆ ನಮಗೂ ಅವರಿಗೂ ಜಗಳ ಆಗಿತ್ತು. ಮಾತು ಬಿಟ್ಟಿದ್ವಿ.

ಅದಕ್ಕೇ ನೀನು ಹಾಡಿದಾಗ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಸರಿಯಾದ ಮನುಷ್ಯನಿಗೆ ತಪ್ಪು ಕಾರಣಕ್ಕೆ ಏಟು ಬಿತ್ತು ಅಂದುಕೊಂಡೆ.

ಸಬೀನಾಗೆ ಹೇಳು, ಶಾಪ ವಾಪಸ್ ತಗೊಳ್ಳೋದು ಬೇಡ ಅಂತ. ಬೇಡ, ನೀನು ಹೇಳಬೇಡ. ನಾನೇ ಬಂದು ಹೇಳ್ತೀನಿ. ಮಾರ್ಕಸ್ ಶುಕ್ರವಾರದ ರೈಲು ಅಂತಾನೆ. ಕೂಸು, ಅದರ ತಾಯಿ, ಎಲ್ಲಾ ಬರ್ತೀವಿ. ಅಷ್ಟರಲ್ಲಿ ಹನ್ನೊಂದನೇ ಪದ್ಯ ಕಟ್ಟಿಟ್ಟಿರು. ನನ್ನ ಹೆಸರು ಹಾಕಿ ಕಟ್ಟು. ಮೆತ್ತಗೆ ಮಾಡಬೇಡ.

ಫೆಸ್ಟಿ"

ಇಷ್ಟನ್ನೂ ಬರೆದು ಮುಗಿಸಿದಾಗ ಮಾರ್ಕಸ್ ತನ್ನ ತಂದೆಯ ಬೂಟುಗಳಿಗೆ ಪಾಲಿಶ್ ಹಾಕುತ್ತಾ ಕೂತಿದ್ದ. ಪ್ರಯಾಣಕ್ಕೆ ಇನ್ನೂ ಐದು ದಿನವಿದೆ.

ನಿಮ್ಮ ಮಗಳು,
ಶಿಬೇಲ್